ಶಾಲೆಯಿಂದ ಬೇವಿನ ಮರದ ತನಕ

ಸಾರಿಗೆ ಇಲಾಖೆಯ ಪತ್ರವನ್ನು ಪಿಡಿಒ ವೃಂದಾ ಪಂಚಾಯಿತಿ ಸಭೆಯಲ್ಲಿ ಎರಡನೇ ಸಲ ಓದಿ ಮುಗಿಸಿದಳು.

"ಅಂದ್ರ ಹೋದ ತಿಂಗಳು ನಾವು ಮಾಡಿದ ಠರಾವು?" ಅಧ್ಯಕ್ಷೆ ವೀರವ್ವ ಕೇಳಿದಳು.

"ನಡೆಯೂದಿಲ್ರಿ ಅವ್ವಾರ. ರಸ್ತೆ ಮ್ಯಾಲೆ ಎಂಥಾ ಗಾಡಿ ಓಡಬೇಕು ಅನ್ನೂದು ಸರ್ಕಾರದ ಕೈಯಾಗದ. ಪಂಚಾಯ್ತಿಗೆ ಆ ಅಧಿಕಾರ ಇಲ್ಲ."

ಬೀಜದ ಕಂಪನಿಯೊಂದು ಚಾಲಕನಿಲ್ಲದ ವ್ಯಾನನ್ನು ಆರು ತಿಂಗಳು ಪರೀಕ್ಷಿಸಲು ರಾಜ್ಯದಿಂದ ಪರವಾನಗಿ ಪಡೆದಿತ್ತು. ಹಂಸಭಾವಿ ಕಡೆಯ ರೈತರ ಮೆಕ್ಕೆಜೋಳದ ಬೀಜ ಹೊತ್ತು ಅದು ದಿನಾ ಸಂಜೆ ಐದರ ಮೇಲೆ ಈ ಊರು ದಾಟಿ ಹಿರೇಕೆರೂರಿನ ಗೋದಾಮಿಗೆ ಹೋಗಬೇಕು. ಸುದ್ದಿ ಬಂದ ವಾರವೇ ವೀರವ್ವ, ಚಾಲಕನಿಲ್ಲದ ಯಾವ ಗಾಡಿಯೂ ಊರೊಳಗೆ ಬರಕೂಡದೆಂದು ಠರಾವು ಮಂಡಿಸಿದ್ದಳು. ಅದು ನಿಲ್ಲುವುದಿಲ್ಲವೆಂದು ವೃಂದಾ ಆವತ್ತೇ ಷರಾ ಬರೆದಿದ್ದಳು.

"ನಡೀಲಿಲ್ಲ, ಚಲೋನ ಆತು," ಸದಸ್ಯ ಚನ್ನೇಶ ನಕ್ಕ. "ನಡೆದಿದ್ರ ಮೊದಲ ಅಧ್ಯಕ್ಷರ ಮನಿ ಚಕ್ಕಡಿನ ಹಿಡೀಬೇಕಾಗಿತ್ತು. ಅಜ್ಜ ಮುಂದ ನಡಕೋತ ಹೊಂಟಿರ್ತಾನ, ಹಿಂದ ಚಕ್ಕಡಿ ತಾನ ಬರ್ತೈತಿ. ಅದಕ್ಯಾವ ಡ್ರೈವರ್ ಅದಾನ?"

ಎಲ್ಲರೂ ನಕ್ಕರು. ವೀರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕಿಟಕಿಯಾಚೆಯ ರಸ್ತೆ ನೋಡಿದಳು. ವೃಂದಾಳ ಪೆನ್ನು ನಿಂತಿತು.

ಎರಡು ವರ್ಷದಿಂದ ವೃಂದಾ ಇದೇ ಕಿಟಕಿಯಿಂದ ನೋಡುತ್ತ ಬಂದಿದ್ದಳು. ವೀರವ್ವನ ಗಂಡ ಕರಬಸಪ್ಪನಿಗೆ ಎರಡೂ ಕಿವಿ ಕೇಳುವುದಿಲ್ಲ. ಎತ್ತುಗಳಿಗೆ ವಯಸ್ಸಾಯಿತೆಂದು ಚಕ್ಕಡಿ ಏರದೆ, ಅವುಗಳ ಮುಂದೆ ನಡೆದೇ ಹೊಲದಿಂದ ಬರುತ್ತಾನೆ. ಶಾಲೆ ದಾಟಿ ಬೇವಿನ ಮರ ಬಂತೆಂದರೆ, ಹಿಂದೆ ಏನು ಬರುತ್ತಿದೆಯೆಂದು ನೋಡದೆ ಬಲಕ್ಕೆ ತನ್ನ ಓಣಿಗೆ ತಿರುಗಿಬಿಡುತ್ತಾನೆ. ಊರಿನವರಿಗೂ ಬಸ್ಸಿನವರಿಗೂ ಅದು ಗೊತ್ತು. ಅಷ್ಟು ದೂರ ಯಾರೂ ಅವನನ್ನು ಹಿಂದಿಕ್ಕುವುದಿಲ್ಲ. ಓಣಿಯ ಬಾಯಲ್ಲಿ ಅವನು ಕೈ ಎತ್ತುತ್ತಾನೆ, ಚಾಲಕನೂ ಎತ್ತುತ್ತಾನೆ, ಗಾಡಿ ಮುಂದೆ ಹೋಗುತ್ತದೆ.

ಸಭೆ ಮುಗಿದು ಇಬ್ಬರೇ ಉಳಿದಾಗ ವೃಂದಾ ಕೇಳಿದಳು: "ಅಜ್ಜಾವರ ಸಲುವಾಗಿ ಠರಾವು ತಂದಿದ್ರೇನ್ರಿ?"

"ಮತ್ತೇನ್ ತಂಗಿ. ಮನಿ ಮಾತು ಸಭಾದಾಗ ಹೆಂಗ ಇಡ್ಲಿ? ಅಧ್ಯಕ್ಷಿ ತನ್ನ ಗಂಡಗ ರಸ್ತೆ ಬರಕೊಟ್ಲು ಅಂತಾರ. ಅದಕ್ಕ ಎಲ್ಲಾರಿಗೂ ಸೇರಿಸಿ ಬರಸಿದೆ."

"ಹಿಂದ ಒಮ್ಮೆ ನೋಡ್ರಿ ಅಂತ ಅವ್ರಿಗೇ ತಿಳಿಸಿ ಹೇಳಬಾರ್ದೇನ್ರಿ?"

"ನಲವತ್ತು ವರ್ಷ ಹೇಳೇನಿ. ಕಿವಿ ಚಲೋ ಇದ್ದಾಗೂ ಕೇಳ್ಲಿಲ್ಲ."

ವೃಂದಾ ಪತ್ರವನ್ನು ಮತ್ತೆ ಬಿಡಿಸಿದಳು. ಸಭೆಯಲ್ಲಿ ಎರಡೂ ಸಲ ಅವಸರದಲ್ಲಿ ಓದಿದ್ದ ಮೂರನೇ ಪುಟದ ಒಂಬತ್ತನೇ ಕಲಮಿನಲ್ಲಿ ಹೀಗಿತ್ತು: ಸ್ಥಳೀಯ ಸಂಸ್ಥೆ ವಾಹನವನ್ನು ತಡೆಯುವಂತಿಲ್ಲ, ಮಾರ್ಗದಲ್ಲಿನ ಅಪಾಯಗಳ ಪಟ್ಟಿ ಕೊಡಬಹುದು, ಕಂಪನಿ ಅದನ್ನು ಪಾಲಿಸತಕ್ಕದ್ದು.

"ನಮ್ಮವ್ರು ಅಪಾಯ ಏನ?" ವೀರವ್ವನ ಹುಬ್ಬು ಮೇಲೇರಿತು.

"ಕಾಗದದಾಗ ಅಷ್ಟ ರೀ."

ಮರುದಿನ ವೃಂದಾ ಟೇಪು ಹಿಡಿದು ಬಿಸಿಲಲ್ಲಿ ರಸ್ತೆ ಅಳೆದಳು. ರಸ್ತೆಯ ಮೇಲೆ ಹರವಿದ್ದ ಮೆಕ್ಕೆಜೋಳವನ್ನು ಪಟ್ಟಿಗೆ ಸೇರಿಸುವಂತಿರಲಿಲ್ಲ. ಹರವಕೂಡದೆಂದು ಅವಳೇ ನೋಟಿಸು ಅಂಟಿಸಿದ್ದಳು. ರಸ್ತೆ ಬದಿಯ ಮನೆಯ ಶಾರವ್ವನ ಕೋಳಿಗಳನ್ನು ಬರೆದಳು. ಆಮೇಲೆ ಬರೆದಳು: 'ಶ್ರೀ ಕರಬಸಪ್ಪ, ವಯಸ್ಸು ೭೪. ಕಿವಿ ಕೇಳುವುದಿಲ್ಲ. ಜೊತೆಗೆ ಎತ್ತು ಎರಡು, ಚಕ್ಕಡಿ ಒಂದು. ಪ್ರತಿದಿನ ಸಂಜೆ ೫.೧೫ರಿಂದ ೫.೪೫.'

ಪಟ್ಟಿ ಒಯ್ಯಲು ಬಂದ ಕಂಪನಿಯ ಇಂಜಿನಿಯರ್ ನದೀಮ ತಲೆ ಕೆರೆದುಕೊಂಡ. "ಮೇಡಂ, ಚಕ್ಕಡಿ ಕಂಡ್ರ ದಾಟ್ಕೊಂಡು ಹೋಗಂತ ಕಲಿಸೇವ್ರಿ. ಒಬ್ಬ ಅಜ್ಜನ ಸಲುವಾಗಿ ಬ್ಯಾರೆ ಕಲಿಸೂದಾ?"

"ನಾ ಹೇಳಾಕತ್ತಿಲ್ರಿ, ಒಂಬತ್ತನೇ ಕಲಂ ಹೇಳ್ತದ. ಶಾಲಿಯಿಂದ ಬೇವಿನ ಮರದ ತನಕ ದಾಟಬಾರ್ದು. ಎರಡು ನೂರಾ ಹನ್ನೆರಡು ಮೀಟರ್. ಅಳದೇನಿ."

ವ್ಯಾನು ಮೊದಲ ಸಲ ಬಂದದ್ದು ಸೋಮವಾರ. ವೀರವ್ವ ಮೂರು ಗಂಟೆಗೇ ಬಂದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದಳು. ಐದೂವರೆಗೆ ಕರಬಸಪ್ಪ ಕಾಣಿಸಿಕೊಂಡ. ಅವನ ಹಿಂದೆ ಎತ್ತು, ಖಾಲಿ ಚಕ್ಕಡಿ. ಶಾಲೆಯ ಹತ್ತಿರ ಬಿಳಿ ವ್ಯಾನು ಅದರ ಬೆನ್ನಿಗೆ ಬಂತು. ವೀರವ್ವ ವೃಂದಾಳ ಮಣಿಕಟ್ಟು ಹಿಡಿದಳು. ವ್ಯಾನಿನ ವೇಗ ಇಳಿಯಿತು, ಇನ್ನೂ ಇಳಿಯಿತು, ಎತ್ತಿನ ನಡಿಗೆಗೆ ಬಂತು. ಅದರ ಹಿಂದೆ ಹಿರೇಕೆರೂರಿನ ಬಸ್ಸು ಹಾರ್ನ್ ಹಾಕದೆ ತೆವಳಿತು.

ಬೇವಿನ ಮರದ ಬಳಿ ಕರಬಸಪ್ಪ ಹಿಂದೆ ನೋಡದೆ ಬಲಕ್ಕೆ ತಿರುಗಿದ. ವ್ಯಾನು ನಿಂತಿತು. ಚಕ್ಕಡಿ ಪೂರ್ತಿ ಓಣಿ ಸೇರಿದ ಮೇಲೆ ಅವನು ಎಂದಿನಂತೆ ರಸ್ತೆಯತ್ತ ಹೊರಳಿ ಕೈ ಎತ್ತಿದ. ಗಾಜಿನ ಹಿಂದೆ ಸೀಟು ಖಾಲಿಯಿತ್ತು. ಎತ್ತಿದ ಕೈ ಇಳಿಸದೆ ಅವನು ನಿಂತೇ ಇದ್ದ.

ಹಿಂದಿನ ಬಸ್ಸಿನ ಕಿಟಕಿಯಿಂದ ಚಾಲಕನ ಕೈ ಹೊರಗೆ ಬಂತು.