ಸಂಜೆಯ ಅಳತೆ

ಕಳಿಸಿದ್ದು ಮತ್ತೆ ವಾಪಸ್ ಬಂತು. ಪರದೆಯ ಮೇಲೆ ಅದೇ ತಕರಾರು: ಆನ್‌ಲೈನ್ ಪ್ರತಿಯಲ್ಲಿ ನಿಮ್ಮ ಹತ್ತಿರ ಇಲ್ಲದ ಕೆಲಸವಿದೆ, ಮೊದಲು ಅದನ್ನು ಇಳಿಸಿಕೊಳ್ಳಿ.

"ನನ್ನ ಹತ್ರ ಇಲ್ದೇ ಇರೋದು ಅಲ್ಲೇನಿರುತ್ತೆ? ಅಲ್ಲಿರೋದೆಲ್ಲ ಹಳಸಲು," ಎಂದು ಪಾದದಕ್ಕ ಕಂಪ್ಯೂಟರನ್ನೇ ಗದರಿಸಿದಳು.

ಕಿಟಕಿಯ ಬಳಿ ಗಿಡ್ಡ ಸ್ಟೂಲಿನ ಮೇಲೆ ಕೂತು ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ ಅಪ್ಪ, ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಯಾರ ಜೊತೆ ಜಗಳ?"

"ಮೇಲಿನ ಅಂಗಡಿ ಜೊತೆ."

ಆನ್‌ಲೈನಿನಲ್ಲಿರುವ ಕೋಡಿಗೆ ಆ ಹೆಸರಿಟ್ಟವನೇ ಅಪ್ಪ. ಅವನ ಲೆಕ್ಕದಲ್ಲಿ ಕೆಳಗೊಂದು ಅಂಗಡಿ, ಮೇಲೊಂದು ಅಂಗಡಿ. ಕೆಳಗಿನದರಲ್ಲಿ ಚರ್ಮ, ಮೇಲಿನದರಲ್ಲಿ ಬರೀ ಅಕ್ಷರ.

ಬೇರೆ ಅಂಗಡಿಗಳು ಕೈಚೆಲ್ಲಿದ ಪಾದಗಳೆಲ್ಲ ಈ ಅಂಗಡಿಗೆ ಬರುತ್ತಿದ್ದವು. ಒಂದು ಗಿಡ್ಡ ಒಂದು ಉದ್ದ, ಒಳಕ್ಕೆ ತಿರುಗಿದ್ದು, ಬೆರಳು ಮಡಚಿಕೊಂಡದ್ದು. ಅವುಗಳಿಗೆ ಬೂಟು ಹೊಲಿದೂ ಹೊಲಿದೂ ಅವಳ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿ ಪಾದದಕ್ಕ ಎಂಬುದೇ ಉಳಿದಿತ್ತು. ಪಾದದ ಅಳತೆ ತುಂಬಿದರೆ ಚರ್ಮವನ್ನು ಹೇಗೆ ಕತ್ತರಿಸಬೇಕೆಂದು ಗೆರೆ ಎಳೆದು ತೋರಿಸುವ ಪ್ರೋಗ್ರಾಮು ಅವಳದು. ಅವಳದು ಮತ್ತು ಅವಳ ತಂಗಿ ಗುಬ್ಬಿಯದು. ಅಕ್ಕತಂಗಿ ಇಬ್ಬರೂ ವಿಡಿಯೋ ನೋಡಿ, ಸಿಕ್ಕಸಿಕ್ಕವರನ್ನು ಕೇಳಿ, ಸಾಲುಸಾಲಿಗೂ ಕಿತ್ತಾಡಿ ಬರೆದದ್ದು.

ಒಂದು ದಿನ ಗುಬ್ಬಿ ಯಾರನ್ನೂ ಕೇಳದೆ ಅಷ್ಟನ್ನೂ ಒಯ್ದು ಆನ್‌ಲೈನಿಗೆ ಹಾಕಿದಳು. ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು.

"ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಬಿಡಕ್ಕ."

"ನಮ್ಮನೆ ಒಲೆ ಕಿತ್ಕೊಂಡೋಗಿ ಬೀದಿಲಿಟ್ಟು, ಉಪಯೋಗ ಅಂತೀಯಾ?"

ಮಾತಿಗೆ ಮಾತು ಬೆಳೆಯಿತು. ಆಮೇಲೆ ಗುಬ್ಬಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಹೋದ ಅಕ್ಕ ಒಂದು ಮಾತೂ ಆಡದೆ ವಾಪಸ್ ಬಂದಳು. ಅಂದಿನಿಂದ ಅವಳು ತನ್ನ ಕಂಪ್ಯೂಟರಿನ ಪ್ರತಿಯನ್ನು ಮಾತ್ರ ತಿದ್ದುತ್ತಾ ಬಂದಿದ್ದಳು. ಹಿಮ್ಮಡಿಯ ಲೆಕ್ಕದಲ್ಲಿ ಮೊದಲಿನಿಂದಲೂ ಇದ್ದ ಒಂದು ತಪ್ಪನ್ನು ಹುಡುಕಿ ಸರಿಮಾಡಿದ್ದಳು. ಒಂದು ಸಾಲನ್ನೂ ಮೇಲಕ್ಕೆ ಕಳಿಸಿರಲಿಲ್ಲ. ಹಾಕಿದವಳೇ ನೋಡಿಕೊಳ್ಳಲಿ ಎಂಬ ಹಟ. ಅಲ್ಲಿಂದ ಬರುತ್ತಿದ್ದ ಇಮೇಲುಗಳನ್ನೂ ಬಂದ್ ಮಾಡಿ ಕೂತಿದ್ದಳು.

ಇವತ್ತು ಬೆಳಿಗ್ಗೆ ಎಲ್ಲಿಯವನೋ ಒಬ್ಬ ಬೂಟು ಹೊಲಿಯುವವನು, ಅಂಗಡಿಯ ನಂಬರು ಹುಡುಕಿ ಫೋನ್ ಮಾಡಿದ್ದ. "ನಿಮ್ಮ ಲೆಕ್ಕದ ಪ್ರಕಾರನೇ ಕತ್ತರಿಸ್ದೆ ಅಮ್ಮ. ಬೂಟು ಕಚ್ಚಿ ಮಗು ಹಿಮ್ಮಡಿ ಹುಣ್ಣಾಗಿದೆ. ತಪ್ಪು ನನ್ನ ಕತ್ತರೀದೋ ಏನೋ. ಸಾಯಂಕಾಲ ಇನ್ನೊಂದು ಜೊತೆ ಕತ್ತರಿಸ್ಬೇಕು, ಅದಕ್ಕೇ ಕೇಳ್ದೆ." ತಪ್ಪು ಕತ್ತರಿಯದಲ್ಲ ಎಂದು ಅವಳು ಒಪ್ಪಿಕೊಳ್ಳಲಿಲ್ಲ. ಒಂದೆರಡು ಗಂಟೆಯಲ್ಲಿ ಹೊಸದನ್ನು ಹಾಕ್ತೀನಿ, ಅಲ್ಲೀತನಕ ಕತ್ತರಿ ಮುಟ್ಬೇಡಿ ಎಂದಳು.

ಈಗ ನೋಡಿದರೆ ಹೀಗೆ.

ಸರಿ, ಇಳಿಸಿಕೊಂಡೇ ನೋಡೋಣ ಎಂದು ಇಳಿಸಿಕೊಂಡಳು. ಬದಲಾವಣೆ ಮಾಡಿದವರ ಹೆಸರಿನ ಜಾಗದಲ್ಲಿ ಗುಬ್ಬಿಯ ಹೆಸರು. ಹಳೆಯ ಕಾಲದ್ದಲ್ಲ, ಹೋದ ತಿಂಗಳು, ಅದರ ಹಿಂದಿನ ತಿಂಗಳು, ಅದಕ್ಕೂ ಹಿಂದೆ. ಅಳತೆ ಕೇಳುವ ಕಡೆ ಹೊಸದೊಂದು ಪ್ರಶ್ನೆ ಸೇರಿಸಿದ್ದಳು: ಸಂಜೆಯ ಅಳತೆ ಎಷ್ಟು? ಅದನ್ನು ತುಂಬಿದರೆ ಹಿಮ್ಮಡಿ ಸ್ವಲ್ಪ ಸಡಿಲ, ತುಂಬದಿದ್ದರೆ ಹಳೆಯ ತಪ್ಪೇ ಗತಿ.

"ದಿನಕ್ಕೆ ಎರಡೆರಡು ಸಲ ಕಾಲು ಅಳೆಯೋರು ಯಾರಿದ್ದಾರಪ್ಪ?"

ಅಪ್ಪ ಮೊಳೆ ಬಾಯಿಗೆ ಹಾಕಿಕೊಂಡ. ಮೊಳೆ ಬಾಯಲ್ಲಿದ್ದಾಗ ಅವನು ಉತ್ತರ ಕೊಡಬೇಕಿರಲಿಲ್ಲ.

ಇಬ್ಬರೂ ಕೈಯಾಡಿಸಿದ್ದು ಅದೇ ಹಿಮ್ಮಡಿಯ ಸಾಲುಗಳಲ್ಲಿ. ಯಾವುದನ್ನು ಇಟ್ಟುಕೊಳ್ಳಲಿ ಎಂದು ಕಂಪ್ಯೂಟರು ಕೇಳಿತು. ಯಾಕೆ ರಗಳೆ ಎಂದು ಪಾದದಕ್ಕ ಎರಡನ್ನೂ ಇಟ್ಟಳು. ಗುಬ್ಬಿ ಪರೀಕ್ಷೆಗೆಂದು ಬಿಟ್ಟಿದ್ದ ಅಳತೆಗಳನ್ನೇ ತುಂಬಿ, ಬಂದ ಗೆರೆಯ ಮೇಲೆ ರಟ್ಟು ಕತ್ತರಿಸಿ ಮಡಚಿದಳು. ಇವಳು ಬಿಟ್ಟ ಸಡಿಲ, ಅವಳು ಬಿಟ್ಟ ಸಡಿಲ, ಎರಡೂ ಸೇರಿ ಹಿಮ್ಮಡಿಯ ಜಾಗದಲ್ಲಿ ಒಂದು ಚೊಂಬು ಕೂರುವಷ್ಟು ಜಾಗವಾಗಿತ್ತು.

ಅಪ್ಪ ಮೊಳೆ ಉಗುಳಿ, ಕತ್ತು ಉದ್ದ ಮಾಡಿ ನೋಡಿದ. "ಆನೆ ಆರ್ಡರ್ ಕೊಟ್ಟಿದೆಯಾ?"

"ನಿನ್ನ ಚಿಕ್ಕ ಮಗಳು ಮಾಡಿರೋ ಘನಂದಾರಿ ಕೆಲಸ ಇದು."

"ಅವಳೊಬ್ಳದೇ ಅಲ್ವಲ್ಲ."

ಸುಲಭದ ದಾರಿ ಒಂದಿತ್ತು. ಮೇಲಿರುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತನ್ನದನ್ನು ಬಲವಂತವಾಗಿ ಹೇರುವ ಕಮಾಂಡು. ಗುಬ್ಬಿ ಬರೆದದ್ದು ಇರಲೇ ಇಲ್ಲವೇನೋ ಎಂಬಂತೆ ಅಳಿಸಿಹೋಗುತ್ತದೆ. ಬೆಳಿಗ್ಗೆ ಫೋನ್ ಮಾಡಿದವನು ಸಂಜೆ ನೆಮ್ಮದಿಯಾಗಿ ಚರ್ಮ ಕತ್ತರಿಸುತ್ತಾನೆ. ಪಾದದಕ್ಕ ಕಮಾಂಡು ಬರೆದಳು. ಎಂಟರ್ ಒತ್ತುವುದೊಂದು ಬಾಕಿ.

ಆದರೆ ಆ ಸಂಜೆಯ ಅಳತೆ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಅಳಿಸುವ ಮೊದಲು ಇನ್ನೊಮ್ಮೆ ನೋಡಿದರೆ ಗಂಟೇನು ಹೋಗುತ್ತದೆ ಎಂದು ಆ ಅಂಕಿಗಳನ್ನು ತೆರೆದಳು.

ಬೇರೆಯವರು ಮುಖ ನೋಡಿ ಗುರುತು ಹಿಡಿದರೆ ಅವಳು ಪಾದದಿಂದ ಹಿಡಿಯುವವಳು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಬಲಪಾದ ಎಡಕ್ಕಿಂತ ಒಂದು ನೂಲು ಅಗಲ. ಈ ಕಾಲಿಗೆ ಅವಳು ಶಾಲೆಯ ಬೂಟು ಹೊಲಿದಿದ್ದಳು, ಮದುವೆಯ ಚಪ್ಪಲಿ ಹೊಲಿದಿದ್ದಳು. ಆದರೆ ಅಂಕಿಗಳು ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಿದ್ದವು. ಬೆಳಿಗ್ಗೆಗಿಂತ ಸಂಜೆ ಇನ್ನೂ ದಪ್ಪ. ಹೀಗೆ ಊದಿದ ಕಾಲುಗಳು ಅಂಗಡಿಗೆ ಬರುತ್ತಿದ್ದುದುಂಟು. ಹೃದಯದ ತೊಂದರೆಯವರದು ಹೀಗೇ, ಮೂತ್ರಪಿಂಡ ಕೆಟ್ಟವರದೂ ಹೀಗೇ.

"ಅಪ್ಪ, ಇದು ಗುಬ್ಬಿ ಕಾಲು."

ಅಪ್ಪ ಮತ್ತೆ ಮೊಳೆ ಬಾಯಿಗೆ ಹಾಕಿಕೊಂಡ. ಗೋಡೆಗೆ ಒರಗಿಸಿಟ್ಟಿದ್ದ ಫೋನಿನ ಕಡೆ ಗದ್ದ ಎತ್ತಿ ತೋರಿಸಿದ ಅಷ್ಟೆ.

ಎರಡನೇ ರಿಂಗಿಗೇ ಗುಬ್ಬಿ ಎತ್ತಿದಳು. ಹಲೋ ಎಂದು ಇಬ್ಬರೂ ಅನ್ನಲಿಲ್ಲ.

"ಸಂಜೆ ಅಳತೆ ಯಾಕೆ ಹಾಕಿದ್ದೀಯ?"

"ಮೇಲಕ್ಕೆ ಕಳಿಸೋಕೆ ಹೋದ್ಯಾ? ನೀನು?"

"ಹೋದೆ. ನೀನು ಅಡ್ಡ ನಿಂತಿದ್ದೀಯ."

"ತಳ್ಳಿ ಹಾಕ್ಬಹುದಿತ್ತಲ್ಲ. ಅದಕ್ಕೂ ಕಮಾಂಡಿದೆ."

"ಬರ್ಕೊಂಡೇ ಕೂತಿದ್ದೀನಿ. ಮೊದ್ಲು ಕಾಲಿನ ವಿಷಯ ಹೇಳು. ಡಾಕ್ಟರಿಗೆ ತೋರಿಸಿದ್ಯಾ?"

"ತಿಂಗಳು ತಿಂಗಳು ತೋರಿಸ್ತಿದ್ದೀನಿ."

ಪಾದದಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ಏನಂತೆ? ಕಿಡ್ನಿನಾ?"

"ಕಿಡ್ನಿ ಅಲ್ಲಕ್ಕ," ಎಂದಳು ಗುಬ್ಬಿ. "ಒಳಗಿಂದ ಒದೆಯುತ್ತೆ, ಬಿಕ್ಕಳಿಸುತ್ತೆ, ನಾನು ಮಲಗಿದ ತಕ್ಷಣ ಎದ್ದು ಕೂರುತ್ತೆ. ಅಂಥದ್ದು."

ಪಾದದಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅಪ್ಪ ಅಟ್ಟೆಯನ್ನು ಅತ್ತಿತ್ತ ತಿರುಗಿಸಿ ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

"ನಿಂಗೆ ಗೊತ್ತಿತ್ತಾ?"

"ಅಕ್ಕ ಕೇಳಿದ್ರೆ ಮಾತ್ರ ಹೇಳು ಅಂದಿದ್ಲು," ಎಂದ ಅಪ್ಪ, ಮೊಳೆ ಉಗುಳಿ. "ನೀನು ಕೇಳ್ಲಿಲ್ಲ."

ಫೋನಿನಲ್ಲಿ ಗುಬ್ಬಿ ನಗುತ್ತಿದ್ದಳೋ ಮೂಗು ಒರೆಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. "ಯಾವ ಬೂಟೂ ಹಿಡಿಸ್ತಿರ್ಲಿಲ್ಲ ಕಣಕ್ಕ. ನಿನ್ನ ಕೇಳೋಕೆ ಮುಖ ಇರ್ಲಿಲ್ಲ. ನಾನೇ ಹೊಲ್ಕೊಳ್ಳೋಣ ಅಂತ ಹೊರಟೆ. ಇನ್ನೂ ಹಿಮ್ಮಡಿ ಕೂತಿಲ್ಲ. ನಂದನ್ನ ಅಳಿಸಿ ನಿಂದನ್ನೇ ಹಾಕು."

"ಸುಮ್ನಿರು. ನಿನ್ನ ಪ್ರಶ್ನೆ ಇರ್ಬೇಕು. ಸಂಜೆ ಊದೋ ಕಾಲನ್ನ ಬೆಳಿಗ್ಗೆ ಅಳ್ದು ಬೂಟು ಹೊಲಿಯೋದು ನಾನು ಇಷ್ಟು ವರ್ಷ ಮಾಡ್ಕೊಂಡು ಬಂದ ದಡ್ಡತನ. ಸಡಿಲ ಮಾತ್ರ ಒಂದೇ ಕಡೆ ಇರ್ಲಿ, ನನ್ನ ಲೆಕ್ಕದಲ್ಲಿ. ಅದಕ್ಕೆ ನಿನ್ನ ಸಂಜೆ ಅಂಕಿ ಕೊಡೋಣ."

"ಕೊಟ್ರೆ ಮುಂಗಾಲು ಬಿಗಿಯಾಗಲ್ವಾ?"

"ಆಗಲ್ಲ."

"ಆಗುತ್ತೆ, ನೋಡು."

ಆಗುತ್ತಿತ್ತು. ಇಬ್ಬರೂ ಹಳೆಯ ಕಾಲದಂತೆಯೇ ಸಾಲುಸಾಲಿಗೂ ಕಿತ್ತಾಡಿದರು. ಅಪ್ಪ ಎರಡು ರಟ್ಟು ಕತ್ತರಿಸಿ ಕೊಟ್ಟ. ಎರಡನೆಯದು ಅವನ ಅಂಗೈಯಲ್ಲಿ ಪಾದದಂತೆಯೇ ಕೂತಿತು. ಬರೆದಿಟ್ಟಿದ್ದ ಕಮಾಂಡನ್ನು ಪಾದದಕ್ಕ ಒಂದೊಂದೇ ಅಕ್ಷರವಾಗಿ ಅಳಿಸಿ, ಸಾಧಾರಣದ್ದನ್ನು ಬರೆದು, ಎಂಟರ್ ಒತ್ತಿದಳು. ಈ ಸಲ ವಾಪಸ್ ಬರಲಿಲ್ಲ. ಬೆಳಿಗ್ಗೆ ಕೇಳಿದ್ದ ಬೂಟಿನವನಿಗೆ ಫೋನ್ ಮಾಡಿ ಹೊಸದನ್ನು ಇಳಿಸಿಕೊಳ್ಳಿ ಎಂದಳು. ಕತ್ತರಿಯದು ತಪ್ಪಲ್ಲ, ನಮ್ಮದು ಎಂದೂ ಹೇಳಿದಳು.

ಆಮೇಲೆ ಗುಬ್ಬಿಗೇ ಮತ್ತೆ ಹಚ್ಚಿದಳು. "ಈ ತಿಂಗಳ ಅಂಕಿ ಇಲ್ವಲ್ಲೇ."

"ಬಗ್ಗೋಕೆ ಆಗ್ತಿಲ್ಲ. ಇವರ ಕೈಗೆ ಟೇಪ್ ಕೊಟ್ರೆ ಕಚಗುಳಿ ಇಡ್ತಾರೆ."

"ಕಾಲು ಕುರ್ಚಿ ಮೇಲಿಟ್ಕೊ. ನಿಧಾನ. ನಾನು ಕಾಯ್ತೀನಿ."

ಫೋನನ್ನು ಎಲ್ಲೋ ಇಟ್ಟ ಸದ್ದು. ಕುರ್ಚಿ ನೆಲದ ಮೇಲೆ ಎಳೆದ ಸದ್ದು. ಆಮೇಲೆ ಏದುಸಿರು, ಒಂದು ಸಲ ಹತ್ತಿರ, ಒಂದು ಸಲ ದೂರ. ಅಪ್ಪ ಎತ್ತಿದ ಸುತ್ತಿಗೆಯನ್ನು ಮೊಳೆಯ ಮೇಲೆ ಇಳಿಸದೆ, ಗಾಳಿಯಲ್ಲೇ ಹಿಡಿದುಕೊಂಡು ಕೂತ.