ಬಟ್ಟಲಲ್ಲಿ ಉಳಿದದ್ದು

ಚರ್ಚಿನಲ್ಲಿ ಪ್ರಭುಭೋಜನದ ಸಾಲಿನಲ್ಲಿ ಮೊದಲನೆಯವನಾಗಿ ಮಂಡಿಯೂರಿದ್ದವನು ಅವಳ ಭಾವ, ಅಕ್ಕನ ಗಂಡ. ಅವಳು ದ್ರಾಕ್ಷಾರಸದ ಬಟ್ಟಲನ್ನು ಹಿಡಿದಾಗ, ಆಪರೇಷನ್ನಿನಲ್ಲಿ ಅರ್ಧ ದವಡೆ ಕಳೆದುಕೊಂಡ ಆ ಬಾಯಿ ಸರಿಯಾಗಿ ಮುಚ್ಚಲಿಲ್ಲ. ಒಂದು ಗುಟುಕು ಒಳಗೆ ಹೋಯಿತು, ಸ್ವಲ್ಪ ಎಳೆ ಎಳೆಯಾಗಿ ಬಟ್ಟಲಿಗೇ ವಾಪಸು ಬಂತು. ಅವಳು ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಪಕ್ಕದವರ ಮುಂದೆ ಹಿಡಿದಳು.

ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ರೊಟ್ಟಿಯ ಚೂರು ನುಂಗಿ, ಎದೆಯ ಮೇಲೆ ಕೈಕಟ್ಟಿ ತಲೆ ತಗ್ಗಿಸಿದರು. ಬೇಡ ಎಂದರ್ಥ. ಅವರ ಹೆಂಡತಿಯೂ ಹಾಗೇ. ಆಮೇಲೆ ಒಬ್ಬರಲ್ಲ ಇಬ್ಬರಲ್ಲ, ನಲವತ್ತು ಜನ ಕೈಕಟ್ಟಿದರು. ಹತ್ತು ನಿಮಿಷದ ಹಿಂದೆ ಇದೇ ಬಾಯಿಗಳು ದೇವರ ಕರುಣೆಗೆ ಮೇರೆಯಿಲ್ಲವೆಂದು ಸೂರು ಹಾರುವಂತೆ ಹಾಡಿದ್ದವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬಾಯಿಯ ಕ್ಯಾನ್ಸರ್ ಅಂಟುವ ರೋಗವಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಜನರ ಕಫ, ಉಗುಳು ಪರೀಕ್ಷಿಸಿದ ಅವಳಿಗೆ ಇದು ಗೊತ್ತು. ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ, ಹೇಸಿಗೆ ಇರುವುದು ಹೊಟ್ಟೆಯಲ್ಲಿ. ಅಲ್ಲದೆ ಇವನು ಬರೀ ರೋಗಿಯಲ್ಲ. ಅಕ್ಕ ಹಾಸಿಗೆ ಹಿಡಿದಾಗ ಮನೆಯೆಲ್ಲ ವಾಸನೆಯೆಂದು ಮೂಗು ಮುಚ್ಚಿಕೊಂಡು ಹೋದವನು, ಮಣ್ಣಿಗೂ ಬರಲಿಲ್ಲ. ಈಗ ಅವನದೇ ಬಾಯಿ ನಾರುತ್ತಿತ್ತು. ಅದರಲ್ಲಿ ಅವಳಿಗೊಂದು ಸಮಾಧಾನವಿತ್ತು, ಆ ಸಮಾಧಾನದ ಬಗ್ಗೆ ಅಸಹ್ಯವೂ ಇತ್ತು.

ಆರಾಧನೆ ಮುಗಿದಾಗ ಬಟ್ಟಲು ಮುಕ್ಕಾಲು ತುಂಬಿತ್ತು. ಆಶೀರ್ವದಿಸಿದ ರಸ ಕ್ರಿಸ್ತನ ರಕ್ತ; ಉಳಿದದ್ದನ್ನು ಚೆಲ್ಲುವಂತಿಲ್ಲ, ಬಟ್ಟಲು ಹಿಡಿದವರೇ ಕುಡಿದು ಮುಗಿಸಬೇಕು. ಏಳು ವರ್ಷದಿಂದ ಆ ಕೆಲಸ ಅವಳದು. ಬೇರೆ ವಾರಗಳಲ್ಲಿ ಉಳಿಯುತ್ತಿದ್ದದ್ದು ಒಂದು ಗುಟುಕು.

ಹೆಡ್‌ಮಾಸ್ತರರು ಪಕ್ಕದ ಕೋಣೆಗೆ ಅವಳ ಹಿಂದೆಯೇ ಬಂದರು. "ನೋಡಮ್ಮ, ನಮಗೇನೂ ಅವರ ಮೇಲೆ ದ್ವೇಷ ಇಲ್ಲ. ಮುಂದಿನ ವಾರದಿಂದ ಎಲ್ಲರದ್ದೂ ಆದ್ಮೇಲೆ ಬರೋಕೆ ಹೇಳು. ನಿಮ್ಮ ಸಂಬಂಧ, ನೀನೇ ಹೇಳಿದ್ರೆ ಚೆನ್ನ."

"ಮತ್ತೆ ಇದು?" ಅವಳು ಬಟ್ಟಲು ತೋರಿಸಿದಳು.

ಅವರು ಬಗ್ಗಿ ನೋಡಿ, ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. "ಇವತ್ತೊಂದಿನ ಗಿಡದ ಬುಡಕ್ಕೆ ಹಾಕ್ಬಿಡು. ಯಾರು ನೋಡ್ತಾರೆ?"

"ನೀವು ನೋಡ್ತಿದೀರಲ್ಲ ಸಾರ್."

ಅವರು ಮುಖ ಗಂಟಿಕ್ಕಿಕೊಂಡು ಹೋದರು. ಎಲ್ಲರ ಕೊನೆಯಲ್ಲಿ ಬನ್ನಿ ಎಂಬ ಆ ಮಾತನ್ನು ಅವಳೂ, ಭಾವ ಇಲ್ಲಿಗೆ ಬರುತ್ತಾನೆಂದು ಕೇಳಿದ ಮೂರು ವಾರದಿಂದ, ಬಾಯಲ್ಲಿಟ್ಟುಕೊಂಡಿದ್ದಳು. ಹೇಳಿ ಭಾವನ ಮುಖ ನೋಡಬೇಕೆಂದಿದ್ದಳು. ಅದೇ ಮಾತು ಈ ಕರವಸ್ತ್ರ ಹಿಡಿದವರ ಬಾಯಿಂದ ನಯವಾಗಿ ಬಂದಾಗ ಥೂ ಎನಿಸಿತು. ರಸದ ಮೇಲೆ ಸಣ್ಣ ನೊರೆ ನಿಂತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಕಷ್ಟವೆಂದು ತೆರೆದುಕೊಂಡೇ ಕುಡಿದಳು, ತಳ ಕಾಣುವವರೆಗೂ. ಮನಸ್ಸು ಹಗುರವಾಗಲಿಲ್ಲ, ದೇವರೂ ಹತ್ತಿರ ಬರಲಿಲ್ಲ, ವಾಕರಿಕೆ ಬಂತು.

ಹೊರಗೆ ಮೆಟ್ಟಿಲ ಮೇಲೆ ಭಾವ ಗಲ್ಲ ಒರೆಸಿಕೊಳ್ಳುತ್ತ ನಿಂತಿದ್ದ.

"ಯಾರೂ ಕುಡೀಲಿಲ್ಲ ಅಲ್ವಾ?" ಮಾತು ಅರ್ಧ ಗಾಳಿಯಾಗಿ ಬಂತು. "ನೋಡ್ತಾನೇ ಇದ್ದೆ. ಮುಂದಿನ ವಾರ ಕೊನೇಲಿ ಬರ್ತೀನಿ ಬಿಡು."

"ಅಕ್ಕನಿಗೆ ನೀವು ಮಾಡಿದ್ದನ್ನ ನಾನು ಮರ್ತಿಲ್ಲ," ಎಂದಳು.

"ಮರೀಬೇಡ."

ಅವಳು ಉಗುಳು ನುಂಗಿಕೊಂಡಳು. "ಕೊನೇಲಿ ಕುಡಿಯೋಳು ನಾನು. ಅದು ನನ್ನ ಜಾಗ. ನೀವು ಇವತ್ತು ಬಂದ ಹಾಗೇ ಬನ್ನಿ."

ಅವನು ಮೆಟ್ಟಿಲಿಳಿದ. ಅವನು ಗೇಟು ದಾಟುವವರೆಗೂ ಅವಳು ಹಲ್ಲು ಕಚ್ಚಿ ನಿಂತಿದ್ದಳು. ಆಮೇಲೆ ಗೋಡೆಯ ಮರೆಗೆ ಓಡಿದಳು. ಕುಡಿದದ್ದೆಲ್ಲ ಬಾಯಿಗೇ ಬಂತು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ, ಅದನ್ನು ಮತ್ತೆ ನುಂಗಿದಳು.