ಕೂಗಿದಾಗ ಅವಳಿರಲಿಲ್ಲ

ಟೈಲರಮ್ಮನಿಗೂ ಅವಳ ಅಣ್ಣನಿಗೂ ಮನಸ್ತಾಪ ಬಂದದ್ದು ಮೆಟ್ಟಿಲಿನಿಂದ. ಅಪ್ಪ ಕಟ್ಟಿಸಿದ ಮನೆಯಲ್ಲಿ ಕೆಳಗಿನದು ಅಣ್ಣನ ಪಾಲು, ಮಹಡಿ ಅವಳದು. ಮಹಡಿಗೆ ಹೋಗುವ ಮೆಟ್ಟಿಲು ಅಣ್ಣನ ನಡುಮನೆಯ ಪಕ್ಕದಿಂದ ಏರುತ್ತಿತ್ತು. ಅದು ತನಗೇ ಸೇರಿದ್ದೆಂದು ಅವನು ಬಾಗಿಲಿಟ್ಟು ಬೀಗ ಜಡಿದ. ಅವಳು ಹಿಂದುಗಡೆ ಕಬ್ಬಿಣದ ಏಣಿ ಹಾಕಿಸಿಕೊಂಡು, ಬಟ್ಟೆಯ ಗಂಟು ಹೊತ್ತು ಹತ್ತಿಳಿಯುತ್ತ ದಾವೆ ಹೂಡಿದಳು. ಸೋತಳು. ಅಪೀಲು ಹಾಕಿದಳು. ಬೀದಿಯವರು ಅಣ್ಣನಿಗೆ ‘ಕಾಯ್ದೆ’ ಎಂದೇ ಹೆಸರಿಟ್ಟಿದ್ದರು. ಹಾಲಿನವನು ಎರಡು ಸಲ ಬೆಲ್ ಒತ್ತಿದರೂ ಯಾವ ಕಾಯ್ದೆಯ ಪ್ರಕಾರ ಎಂದು ಕೇಳುವ ಆಸಾಮಿ.

ವಿಚಾರಣೆಯ ಹಿಂದಿನ ದಿನ ಅವಳ ವಕೀಲರು ಹೇಳಿದ್ದರು. “ನಾಳೆ ನನಗೆ ಪಕ್ಕದ ಹಾಲ್‌ನಲ್ಲಿ ವಾದ ಇದೆಯಮ್ಮ. ಕೂಗಿದಾಗ ನೀವು ಎದ್ದು ನಿಂತು, ವಕೀಲರು ಬರ್ತಿದ್ದಾರೆ ಅನ್ನಿ. ಅಷ್ಟು ಸಾಕು.”

ಮರುದಿನ ಏಣಿ ಇಳಿಯುವಾಗ ಕೆಳಗಿನ ಅಡುಗೆಮನೆಯ ಕಿಟಕಿಯಲ್ಲಿ ಅತ್ತಿಗೆ ಕಣ್ಣಿಗೆ ಬಿದ್ದಳು. ನೆಲದ ಮೇಲೆ ಕುಸಿದು ಕೂತು ಎದೆ ಹಿಡಿದುಕೊಂಡಿದ್ದಳು. ಮೈಯೆಲ್ಲ ಬೆವರು. ಕಾಯ್ದೆ ಆಗಲೇ ಕೋರ್ಟಿಗೆ ಹೊರಟುಹೋಗಿದ್ದ. ಎರಡು ಮನೆಯವರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಅವಳು ಹಿತ್ತಿಲ ಬಾಗಿಲಿನಿಂದ ಒಳಗೆ ನುಗ್ಗಿದಳು.

“ಏಳಿ ಅತ್ತಿಗೆ, ನನ್ನ ಹೆಗಲು ಹಿಡ್ಕೊಳ್ಳಿ.”

“ಇವತ್ತು ನಿನಗೆ ಕೋರ್ಟಲ್ವೇನೇ?”

“ಕೋರ್ಟೆಲ್ಲೂ ಓಡಿಹೋಗಲ್ಲ. ಸುಮ್ನಿರಿ.”

ಕೋರ್ಟು ಓಡಿಹೋಗಲಿಲ್ಲ, ಅಪೀಲು ಹೋಯಿತು. ಗುಮಾಸ್ತ ಹೆಸರು ಕೂಗಿದಾಗ ಅವಳೂ ಇರಲಿಲ್ಲ, ವಕೀಲರೂ ಇರಲಿಲ್ಲ. ಗೈರುಹಾಜರಿ ಎಂದು ಬರೆದು ವಜಾ ಮಾಡಿದರು. ಕಾಯ್ದೆ ಮೀಸೆ ತಿರುವುತ್ತ ಹೊರಗೆ ಬಂದು ಫೋನ್ ಆನ್ ಮಾಡಿದರೆ ಆಸ್ಪತ್ರೆಯಿಂದ ಕರೆ.

ಅವನು ಏದುಸಿರು ಬಿಡುತ್ತ ಬಂದಾಗ ವಾರ್ಡಿನ ಹೊರಗಿನ ಬೆಂಚಿನಲ್ಲಿ ತಂಗಿ ಕೂತಿದ್ದಳು. “ನಿನ್ನ ಅಪೀಲು ವಜಾ ಆಯ್ತು” ಅಂದ.

“ಅತ್ತಿಗೆ ಉಳ್ಕೊಂಡ್ರು” ಎಂದು ಅವಳು ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ ಅತ್ತಿಗೆಯ ಬಳೆಗಳನ್ನು ಅವನ ಕೈಗಿಟ್ಟು ಹೊರಟಳು.

ಅಪೀಲನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳಿ ಎಂದು ಅರ್ಜಿ ಹಾಕಬಹುದು, ಆದರೆ ಗೈರಾದದ್ದಕ್ಕೆ ತಕ್ಕ ಕಾರಣ ಹೇಳಬೇಕು ಎಂದರು ವಕೀಲರು. ಅವಳು ಹಿಂಜರಿದಳು.

“ಅದನ್ನ ಬರೆದ್ರೆ, ಮಾಡಿದ ಉಪಕಾರಕ್ಕೆ ರಸೀದಿ ಕೇಳಿದ ಹಾಗಾಗುತ್ತೆ ಸಾರ್.”

“ಸುಳ್ಳು ಬರೀರಿ ಅಂತಿದೀನಾ? ನಡೆದದ್ದು ಬರೆಯೋಣ.”

ಅವಳು ಒಲ್ಲದ ಮನಸ್ಸಿನಿಂದ ಸಹಿ ಹಾಕಿದಳು.

ಅಣ್ಣನ ವಕೀಲರು ವಾಡಿಕೆಯಂತೆ ತಕರಾರು ಸಲ್ಲಿಸಿದರು. ಆಸ್ಪತ್ರೆಯ ವಿಷಯ ಶುದ್ಧ ಕಟ್ಟುಕತೆ ಎಂದು ಅದರಲ್ಲಿತ್ತು. ಇದೆಲ್ಲ ಹೀಗೇ ಬರೆಯುವುದು ಎಂದು ಅವರು ಹೇಳಿದ್ದಕ್ಕೆ ಕಾಯ್ದೆ ಸಹಿ ಹಾಕಿ ಮನೆಗೆ ಒಂದು ಪ್ರತಿ ತಂದಿದ್ದ. ಮೇಜಿನ ಮೇಲಿದ್ದ ಅದನ್ನು ಹೆಂಡತಿ ಓದಿದಳು.

“ನಾನು ಕಟ್ಟುಕತೆನಾ?” ಎಂದಳು. ಆಮೇಲೆ ಅವನ ಜೊತೆ ಮಾತೇ ಆಡಲಿಲ್ಲ.

ಅರ್ಜಿಯ ವಿಚಾರಣೆಯಲ್ಲಿ ಅವನ ವಕೀಲರು, “ಇದು ಬರೀ ನೆಪ” ಎಂದು ಶುರುಮಾಡುತ್ತಿದ್ದಂತೆ ಹಿಂದಿನ ಸಾಲಿನಿಂದ ಕಾಯ್ದೆ ಎದ್ದುನಿಂತ.

“ನೆಪ ಅಲ್ಲ ಸ್ವಾಮಿ. ಇವಳು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನನ್ನ ಹೆಂಡ್ತೀನ. ಇವಳಿಲ್ದಿದ್ರೆ ಅವಳು ಉಳೀತಿರ್ಲಿಲ್ಲ.”

ನ್ಯಾಯಾಧೀಶರು ಕನ್ನಡಕ ತೆಗೆದರು. “ಹಾಗಾದ್ರೆ ಮೆಟ್ಟಿಲೂ ಬಿಟ್ಟುಕೊಡ್ತೀರಾ?”

“ಅದು ಬೇರೆ ವಿಷ್ಯ ಸ್ವಾಮಿ. ಮೆಟ್ಟಿಲು ನಂದೇ.”

ಇಡೀ ಹಾಲ್ ಗೊಳ್ಳೆಂದಿತು. ತಂಗಿಗೂ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪೀಲು ಮತ್ತೆ ಫೈಲಿಗೆ ಬಂತು.

ಮುಂದೆ ವಾದ ಕ್ರಮವಾಗಿಯೇ ನಡೆಯಿತು, ಅಣ್ಣ ಒಂದಂಗುಲವೂ ಬಿಟ್ಟುಕೊಡಲಿಲ್ಲ. ಕೊನೆಗೆ ಮೆಟ್ಟಿಲು ಇಬ್ಬರಿಗೂ ಸೇರಿದ್ದೆಂದು ತೀರ್ಪಾಯಿತು. ಮನೆಗೆ ಬಂದು ಬೀಗ ತೆಗೆಯುತ್ತ ಕಾಯ್ದೆ ಗೊಣಗಿದ: “ಇದಕ್ಕೂ ಮೇಲೊಂದು ಕೋರ್ಟಿದೆ.”

“ಹೋಗಿಬನ್ನಿ” ಎಂದಳು ಹೆಂಡತಿ ಒಳಗಿನಿಂದ. “ಊಟಾನೂ ಅಲ್ಲೇ ಮುಗಿಸ್ಕೊಂಡ್ ಬನ್ನಿ.”

ಅವನು ಹೋಗಲಿಲ್ಲ.